ಸೊನ್ನೆ ಹಿಡಿಯುವ ಸಣ್ಣಪ್ಪ

ಜಾಗ ಅಳೆಯುವ ಟೇಪಿಗೆ ಎರಡು ತುದಿ. ಒಂದು ತುದಿಯಲ್ಲಿ ಅಂಕಿ ಓದುವ ಸರ್ವೇಯರ್ ಇರುತ್ತಾರೆ. ಅವರಿಗೆ ಕುರ್ಚಿ ಹಾಕುತ್ತಾರೆ, ಚಹಾ ತರಿಸುತ್ತಾರೆ, ಮಾತಿಗೊಮ್ಮೆ ಸಾಹೇಬ್ರ ಎನ್ನುತ್ತಾರೆ. ಇನ್ನೊಂದು ತುದಿಯಲ್ಲಿ ಸೊನ್ನೆ ಇರುತ್ತದೆ. ಆ ಸೊನ್ನೆಯನ್ನು ಮೊಳೆಯ ಮೇಲೆ ಒತ್ತಿಕೊಂಡು ಬಿಸಿಲಲ್ಲಿ ನಿಂತವನ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಗಜೇಂದ್ರಗಡದಲ್ಲಿ ಮೂವತ್ತೊಂದು ವರ್ಷದಿಂದ ಹಾಗೆ ನಿಂತ ಮನುಷ್ಯನ ಹೆಸರು ಸಣ್ಣಪ್ಪ.

ನಾನು ಜಯಂತ. ತಹಶೀಲ್ದಾರ ಕಚೇರಿಯ ಎದುರು ಬೇವಿನ ಮರದ ಕೆಳಗೆ ಮೇಜು ಹಾಕಿಕೊಂಡು ಅರ್ಜಿ, ಆಸ್ತಿ ಪಾಲಿನ ವಾಟ್ನಿಪತ್ರ ಬರೆದುಕೊಡುವವನು. ಊರಿಗೆಲ್ಲ ನಾನು ರೈಟರ್ ಸಾಹೇಬ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಅದನ್ನು ಮುಚ್ಚಿಡುವ ಅಭ್ಯಾಸವೂ ಇಲ್ಲ. ಅಕ್ಷರ ಬಲ್ಲವನೆಂಬ ಜಂಬದಲ್ಲಿ ಸಣ್ಣಪ್ಪನನ್ನು ವರ್ಷಗಟ್ಟಲೆ ಚುಡಾಯಿಸಿದ್ದೇನೆ. ಸಂಜೆ ಅವನು ಧೂಳು ಝಾಡಿಸಿಕೊಳ್ಳುತ್ತ ನನ್ನ ಮೇಜಿನ ಮುಂದೆ ಹಾದುಹೋಗುವಾಗ ಕೇಳುತ್ತಿದ್ದೆ.

"ಏನಪಾ ಸಣ್ಣಪ್ಪ, ಇವತ್ತ ಎಷ್ಟ ಸೊನ್ನಿ ಹಿಡದಿ?"

"ಸೊನ್ನಿ ಒಂದ ರೀ, ಮನಿ ನಾಕು," ಎಂದು ನಗುತ್ತಿದ್ದ.

ಟೇಪಿನ ತುದಿ ಹಿಡಿಯುವುದೂ ಒಂದು ಕೆಲಸವೇನು ಎಂದು ನನಗೆ ಆಗ ಅನಿಸುತ್ತಿತ್ತು. ಅದು ಎಂಥ ಕೆಲಸ ಎಂಬುದು ಗೊತ್ತಾದದ್ದು ಹೋದ ವರ್ಷ, ಅದೂ ನನ್ನ ಕಾಲಿನಿಂದಲೇ. ಆ ಮಾತು ಮುಂದೆ ಬರುತ್ತದೆ.

ನಮ್ಮ ಕಡೆ ಊರೆಲ್ಲ ಬೆಳೆಯುತ್ತಿದೆ, ಪ್ಲಾಟು ಮಾತ್ರ ಹಿಗ್ಗುವುದಿಲ್ಲ. ಅಪ್ಪ ಒಂದು ಮನೆಗೆಂದು ಕೊಂಡ ಜಾಗದಲ್ಲಿ ಮಕ್ಕಳಿಗೆ ಎರಡು ಮನೆ ಬೇಕಾಗುತ್ತದೆ. ಆಗ ಸರ್ವೇಯರ್ ಬರುತ್ತಾರೆ, ಜೊತೆಗೆ ಸಣ್ಣಪ್ಪ. ಚಪ್ಪಲಿ ಬಿಟ್ಟು, ಟೇಪಿನ ತುದಿಯ ಬಳೆಯನ್ನು ಗಡಿಯ ಮೊಳೆಗೆ ಸಿಕ್ಕಿಸಿ, ಬಲಗಾಲಿನ ಹೆಬ್ಬೆರಳನ್ನು ಅದರ ಮೇಲೆ ಇಡುತ್ತಾನೆ. ಇಟ್ಟನೆಂದರೆ ಮುಗಿಯಿತು. ನರಗುಂದದಲ್ಲಿ ಒಮ್ಮೆ ನಾಲ್ಕಿಂಚಿನ ಜಗಳದಲ್ಲಿ ದೊಡ್ಡ ಅಣ್ಣ ಇವನ ಎದೆಗೇ ಕೈಹಾಕಿ ನೂಕಿದನಂತೆ. ಸಣ್ಣಪ್ಪ ಅಂಗಾತ ಬಿದ್ದ, ಹೆಬ್ಬೆರಳು ಮಾತ್ರ ಮೊಳೆಯ ಮೇಲೆಯೇ ಇತ್ತು. ಬಿದ್ದಲ್ಲಿಂದಲೇ "ಓದ್ರಿ ಸಾಹೇಬ್ರ" ಎಂದನಂತೆ. ಜಗಳವಾಡುತ್ತಿದ್ದ ಅಣ್ಣತಮ್ಮಂದಿರಿಗೆ ನಗು ತಡೆಯಲಾಗದೆ ಅಳತೆ ಅಲ್ಲಿಗೇ ಸರಿಹೋಯಿತು.

ಅಳತೆ ಮುಗಿದ ಮೇಲೆ ನಡುವಿನ ಗೆರೆ ಹಾಕುವುದಕ್ಕೂ ಅವನದೊಂದು ಪದ್ಧತಿ ಇದೆ. ಹಗ್ಗದ ಒಂದು ತುದಿಯನ್ನು ಒಬ್ಬ ಪಾಲುದಾರನ ಕೈಗೆ, ಇನ್ನೊಂದನ್ನು ಮತ್ತೊಬ್ಬನ ಕೈಗೆ ಕೊಡುತ್ತಾನೆ. ಇಬ್ಬರೂ ಬಿಗಿಯಾಗಿ ಹಿಡಿದು ನಿಂತರೆ ಇವನು ಹಗ್ಗದ ಗುಂಟ ಸುಣ್ಣ ಉದುರಿಸುತ್ತ ಹೋಗುತ್ತಾನೆ. ಒಬ್ಬ ಸಡಿಲ ಬಿಟ್ಟರೂ ಗೆರೆ ಸೊಟ್ಟ. ಹೀಗಾಗಿ ಆರು ತಿಂಗಳು ಮಾತು ಬಿಟ್ಟವರೂ ಹಗ್ಗ ಹಿಡಿದಾಗ "ಸ್ವಲ್ಪ ಬಿಗಿ ಹಿಡಿಯೋ" ಎಂದು ಮಾತಾಡಲೇಬೇಕಾಗುತ್ತದೆ.

ಅಳತೆಗಿಂತ ತಲೆನೋವಿನದು ನಿಯಮ. ಒಂದು ಮನೆಯ ಪ್ಲಾಟನ್ನು ಎರಡು ಮಾಡಿ ಎರಡಕ್ಕೂ ಬೇರೆ ಬೇರೆ ಉತಾರ ಬೇಕೆಂದರೆ, ಎರಡೂ ತುಂಡು ರಸ್ತೆಗೆ ಮುಟ್ಟಬೇಕು. ಉತಾರ ಎಂದರೆ ಆಸ್ತಿ ಯಾರ ಹೆಸರಿನಲ್ಲಿದೆ ಎಂದು ಹೇಳುವ ಕಾಗದ. ಹಿಂದಿನ ತುಂಡಿಗೆ ಮುಂದಿನಿಂದ ದಾರಿ ಬಿಡುವುದಾದರೆ ಆ ದಾರಿ ಉದ್ದಕ್ಕೂ ಹತ್ತು ಅಡಿ ಇರಬೇಕು ಎಂದು ನಮ್ಮ ಕಡೆಯ ಅರ್ಜಿಯ ಕಾಗದದಲ್ಲೇ ಅಚ್ಚಾಗಿದೆ. ಜನ ಇದಕ್ಕೆ ಬೈಯದ ದಿನವಿಲ್ಲ. ನಾನೂ ಬೈದಿದ್ದೇನೆ. ಸಣ್ಣಪ್ಪ ಮಾತ್ರ ಬೈಯುವುದಿಲ್ಲ. ಯಾರಾದರೂ ಮೂರಡಿ ಸಂದಿ ಬಿಡುತ್ತೇವೆ ಎಂದರೆ ರೋಣದ ಒಂದು ಮನೆಯ ಕಥೆ ಹೇಳುತ್ತಾನೆ. ಅಲ್ಲಿ ಹಿಂದಿನ ಮನೆಯ ಸೊಸೆ ತವರಿನಿಂದ ತಂದ ತಿಜೋರಿ, ಆಳೆತ್ತರದ ಉಕ್ಕಿನ ಕಪಾಟು, ಸಂದಿಯ ತಿರುವಿನಲ್ಲಿ ಸಿಕ್ಕಿಕೊಂಡಿತಂತೆ. ಮುಂದೆಯೂ ಹೋಗಲಿಲ್ಲ, ಹಿಂದೆಯೂ ಬರಲಿಲ್ಲ. ಒಂದು ವಾರ ಮನೆಮಂದಿಯೆಲ್ಲ ತಿಜೋರಿಯ ಬಾಗಿಲು ತೆಗೆದು, ಅದರೊಳಗಿಂದ ಹಾದು ಅಂಗಳಕ್ಕೆ ಬರುತ್ತಿದ್ದರಂತೆ. ತಿಜೋರಿಯ ಬೆನ್ನಿನ ತಗಡನ್ನು ಮೊದಲೇ ಕಿತ್ತಿದ್ದರೋ ಇಲ್ಲವೋ ಎಂದು ನಾನು ಕೇಳಿದರೆ, ಅಡ್ಡ ಬಾಯಿ ಹಾಕಬ್ಯಾಡ್ರಿ ಎನ್ನುತ್ತಾನೆ.

ಇಂಥ ಸಣ್ಣಪ್ಪನಿಗೆ ಒಬ್ಬಳು ತಂಗಿ, ಮರಿಯವ್ವ. ಅಣ್ಣತಂಗಿ ಇಬ್ಬರೂ ಮುಶಿಗೇರಿಯವರು, ಕಂಡವರ ಹೊಲದಲ್ಲಿ ಕೂಲಿ ಮಾಡಿ ಬೆಳೆದವರು. ಮುಂದೆ ಅಣ್ಣ ಗಜೇಂದ್ರಗಡಕ್ಕೆ ಬಂದ. ತಂಗಿ ಗಂಡನ ಜೊತೆ ಗೋವಾಕ್ಕೆ ಹೋದಳು, ಕಟ್ಟಡದ ಕೆಲಸಕ್ಕೆ. ಗಜೇಂದ್ರಗಡದಲ್ಲಿ ಮೂವತ್ತು ಅಡಿ ಅಗಲ, ಐವತ್ತು ಅಡಿ ಉದ್ದದ ಪ್ಲಾಟು ಕೊಂಡಾಗ ಇಬ್ಬರ ದುಡಿಮೆಯೂ ಅದರಲ್ಲಿ ಸೇರಿತ್ತು, ಹೆಸರು ಮಾತ್ರ ಸಣ್ಣಪ್ಪನದು ಬಿತ್ತು. ಗಂಡ ತೀರಿಕೊಂಡ ಮೇಲೆ ಮರಿಯವ್ವ ವಾಪಸು ಬಂದು, ಅಣ್ಣನ ಮನೆಯ ಹಿಂದಿನ ಖಾಲಿ ಜಾಗದಲ್ಲಿ ತಗಡಿನ ಶೆಡ್ಡು ಹಾಕಿಕೊಂಡಳು. ಖಡಕ್ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಾಳೆ. ಅವಳ ರೊಟ್ಟಿಯ ಸಪ್ಪಳದಿಂದಲೇ ಆ ಓಣಿಗೆ ಬೆಳಗಾಗುತ್ತದೆ.

ಎಂಟು ವರ್ಷ ಹೀಗೆ ನಡೆಯಿತು. ಹೋದ ವರ್ಷ ಯುಗಾದಿಯ ಮರುದಿನ ಅವಳು ಅಣ್ಣನ ಜೊತೆ ನನ್ನ ಮೇಜಿಗೆ ಬಂದಳು.

"ರೈಟರ್ ಸಾಹೇಬ್ರ, ನನಗೊಂದು ಉತಾರ ಬೇಕ್ರಿ," ಅಂದಳು. "ನನ್ನ ಹೆಸರಿಂದು."

"ನಿಮ್ಮಣ್ಣ ಹಿಂದಿನ ಜಾಗಾ ನಿಂದ ಅಂದಾನಲ್ಲ. ಮತ್ಯಾಕ?"

"ಅಂದಾನ್ರಿ, ಖರೇ. ಆದ್ರ ಗೋವಾದಾಗ ಇಪ್ಪತ್ತ ವರ್ಷ ಮಂದಿ ಮನಿ ಕಟ್ಟೇನಿ. ಪಾಯಾದಿಂದ ಛತ್ತಿನ ತನಾ ಕಲ್ಲು ಹೊತ್ತೇನಿ. ಮುಗದ ಕೂಡ್ಲೆ ಹೊರಗ ಹೋಗ್ರಿ ಅಂತಿದ್ರು. ನನ್ನ ಹೆಸರಿನ ಮನ್ಯಾಗ ಒಂದ ದಿನರೆ ಇರಬೇಕ್ರಿ."

ಸಣ್ಣಪ್ಪ ಪಕ್ಕದಲ್ಲಿ ನಿಂತು ಹೂಂ ಹೂಂ ಅನ್ನುತ್ತಿದ್ದ. ನಾನು ಆಗಲೇ ಕಾಗದ ಎಳೆದುಕೊಂಡು ಬರೆಯತೊಡಗಿದ್ದೆ. ಅರ್ಜಿ ಅಚ್ಚುಕಟ್ಟಾಗಿತ್ತು. ಹದಿನೈದು ದಿನಕ್ಕೆ ತಿರುಗಿ ಬಂತು.

ಕಾರಣ ಒಂದೇ ಸಾಲು. ಪ್ಲಾಟಿಗೆ ಒಂದೇ ಕಡೆ ರಸ್ತೆ. ಸಣ್ಣಪ್ಪನ ಮನೆ ಮುಂಭಾಗದ ಇಪ್ಪತ್ತೊಂದು ಅಡಿ ಹಿಡಿದುಕೊಂಡಿತ್ತು. ಮನೆಯ ಗೋಡೆಯಿಂದ ಪಕ್ಕದ ನಬೀಸಾಬರ ಗಡಿಯವರೆಗೆ ಉಳಿದದ್ದು ಒಂಬತ್ತು ಅಡಿ. ಹತ್ತಕ್ಕೆ ಒಂದು ಅಡಿ ಕಡಿಮೆ.

ನನಗೆ ಮೈಯೆಲ್ಲ ಉರಿಯಿತು. ಒಂದು ಅಡಿಗೆ ಒಬ್ಬ ಹೆಂಗಸಿನ ಮನೆ ತಪ್ಪಿಸುವುದೇ ಎಂದು ಮೂರು ಪುಟದ ತಕರಾರು ಬರೆದೆ. ಓದಿ ಹೇಳಿದರೆ ಮರ ಕೂಡ ಮರುಗಬೇಕು, ಹಾಗೆ ಬರೆದಿದ್ದೆ. ಸಣ್ಣಪ್ಪ ಪೂರ್ತಿ ಕೇಳಿ ತಲೆ ಅಲ್ಲಾಡಿಸಿದ.

"ಭಾಳ ಚಲೋ ಬರದೀರಿ. ಕಳಿಸಬ್ಯಾಡ್ರಿ."

"ಯಾಕಪಾ?"

"ಇದನ್ನ ನಾನ ನೂರಾರು ಮಂದಿಗೆ ಹೇಳೇನ್ರಿ, ಹತ್ತಡಿ ಇಲ್ಲಂದ್ರ ಆಗಂಗಿಲ್ಲ ಅಂತ. ಈಗ ನನ್ನ ತಂಗಿಗೆ ಒಂಬತ್ತ ಸಾಕು ಅಂದ್ರ ಅವರೆಲ್ಲಾ ಏನಂತಾರ? ಗ್ವಾಡಿ ನಂದ ಐತಿ. ಒಂದಡಿ ಒಳಗ ತೊಗೊಂಡ್ರಾತು."

ಗೋಡೆ ಅವನದು ನಿಜ, ಆದರೆ ಅದು ಅಡುಗೆಮನೆಯ ಗೋಡೆ, ಅಡುಗೆಮನೆ ಅವನ ಹೆಂಡತಿ ಉಮಾಳದು. ಅವಳಿಗೆ ಹೇಳಲು ಅವನಿಗೆ ಧೈರ್ಯ ಸಾಲದೆ ನನ್ನನ್ನು ಕರೆದುಕೊಂಡು ಹೋದ. ಉಮಾ ಪಾತ್ರೆ ತಿಕ್ಕುತ್ತ ಎಲ್ಲ ಕೇಳಿದಳು. ಆಮೇಲೆ ಎದ್ದು ಬಂದು ಗೋಡೆಗೆ ಅಂಗೈ ತಟ್ಟಿ ನೋಡಿದಳು.

"ಒಡೀರಿ," ಅಂದಳು. "ಹೊಸಾ ಗ್ವಾಡಿಗೆ ಖಿಡಕಿ ಇಡಸ್ರಿ. ಇಪ್ಪತ್ತ ವರ್ಷ ಆತು, ಹೊಗಿ ಕುಡದ ಸಾಕಾಗೇತಿ. ಖಿಡಕಿ ಆ ಕಡೆ ಇರಬೇಕು, ಮರಿಯವ್ವ ಹೋಗೂದು ಬರೂದು ಕಾಣಬೇಕು. ಕೂತಲ್ಲೆ ಮಾತಾಡಬೇಕು ನಾವು."

ಮರುದಿನದಿಂದಲೇ ಗಾರೆ ಕೆಲಸದ ಗವಂಡಿ ಗೌಸುಸಾಬರು ಗುದ್ದಲಿ ಹಿಡಿದು ಬಂದರು. ಮನೆ ಒಡೆಯುವುದನ್ನು ನಾನು ಬಹಳ ಸಲ ನೋಡಿದ್ದೇನೆ, ಸಾಮಾನ್ಯವಾಗಿ ಯಾರಾದರೂ ಅಳುತ್ತಿರುತ್ತಾರೆ. ಇಲ್ಲಿ ನಾದಿನಿ ಅತ್ತಿಗೆ ಇಬ್ಬರೂ ಬುಟ್ಟಿಯಲ್ಲಿ ಇಟ್ಟಂಗಿ ಹೊರುತ್ತ ಒಬ್ಬರಿಗೊಬ್ಬರು ಪದ ಹೇಳುತ್ತಿದ್ದರು. ಹನ್ನೆರಡು ದಿನದಲ್ಲಿ ಹೊಸ ಗೋಡೆ ನಿಂತಿತು. ಸಣ್ಣಪ್ಪ ತಾನೇ ಟೇಪು ಹಿಡಿದು, ಇಟ್ಟಂಗಿಯಿಂದ ಗಡಿಗೆ ಹತ್ತಡಿ ಸರಿಯಾಗಿ ಇದೆ ಎಂದು ನೋಡಿಕೊಂಡು, ಎರಡು ದಿನದ ಅಳತೆ ಕೆಲಸಕ್ಕೆ ಸರ್ವೇಯರ್ ಅರ್ಚನಾ ಮೇಡಂ ಜೊತೆ ನರಗುಂದಕ್ಕೆ ಹೋದ. ಮೂರನೆಯ ದಿನ ಬೆಳಿಗ್ಗೆ ಅವರೇ ಬಂದು ಇವನ ಪ್ಲಾಟನ್ನು ಅಳೆದು ನಕಾಶೆ ಮಾಡಿಕೊಡುವುದೆಂದು ಮಾತಾಗಿತ್ತು. ಈ ನಕಾಶೆಯನ್ನು ಅರ್ಜಿಗೆ ಹಚ್ಚಿದರೆ ಕೆಲಸ ಆದಂತೆಯೇ.

ಆ ಬೆಳಿಗ್ಗೆ ನಾನೂ ಮೇಜು ಬಿಟ್ಟು ಹೋದೆ. ಅರ್ಚನಾ ಮೇಡಂ ಸ್ಕೂಟಿಯಿಂದ ಇಳಿದರು, ಹಿಂದಿನಿಂದ ಸಣ್ಣಪ್ಪ ಇಳಿದ. ಇಳಿದವನು ಹಾಗೇ ನಿಂತುಬಿಟ್ಟ. ಬಿಟ್ಟು ಹೋದಾಗ ಕೆಂಪು ಇಟ್ಟಂಗಿ ಕಾಣುತ್ತಿದ್ದ ಗೋಡೆ ಈಗ ನುಣ್ಣಗೆ, ತಣ್ಣಗೆ, ಬೂದು ಬಣ್ಣದಲ್ಲಿ ಹೊಳೆಯುತ್ತಿತ್ತು. ಬುಡದಲ್ಲಿ ರಂಗೋಲಿ ಬೇರೆ.

"ಮೇಡಂ ಬರ್ತಾರಂತ ನಿನ್ನಿ ಗಿಲಾವ ಮಾಡಿಸೇವಿ ನೋಡಣ್ಣಾ," ಮರಿಯವ್ವ ಮುಖವರಳಿಸಿ ಹೇಳಿದಳು. "ಇಟ್ಟಂಗಿ ಹಲ್ಲ ಕಿಸದಂಗ ಕಾಣತಿತ್ತು. ಹ್ಯಾಂಗೈತಿ?"

ಗಿಲಾವು ಎಂದರೆ ಸಿಮೆಂಟಿನ ಲೇಪ. ಅದರ ದಪ್ಪ ಎಷ್ಟೆಂದು ನಾನು ಯೋಚಿಸಿರಲಿಲ್ಲ, ಅವರೂ ಯೋಚಿಸಿರಲಿಲ್ಲ. ಸಣ್ಣಪ್ಪನ ಮುಖ ನೋಡಿದ ಮೇಲೆ ಎಲ್ಲರಿಗೂ ಒಟ್ಟಿಗೇ ಹೊಳೆಯಿತು. ಮರಿಯವ್ವನ ನಗು ಅಲ್ಲಿಯೇ ನಿಂತಿತು. ಉಮಾ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಳು. ಗೌಸುಸಾಬರು ಅಲ್ಲಾ ಎಂದು ಕಟ್ಟೆಯ ಮೇಲೆ ಕೂತರು.

"ಮೊದಲ ಅಳಿಯೋಣ," ಅಂದರು ಅರ್ಚನಾ ಮೇಡಂ. ಸಣ್ಣಪ್ಪ ಎಂದಿನ ಹಾಗೆ ಟೇಪಿನ ಬಳೆಗೆ ಕೈ ಚಾಚಿದ. ಮೇಡಂ ಟೇಪು ಕೊಡಲಿಲ್ಲ. "ಇದು ನಿಮ್ಮ ಜಾಗಾ ಅಲ್ಲೇನ್ರಿ ಸಣ್ಣಪ್ಪ? ಸ್ವಂತ ಜಾಗಾದಾಗ ಸೊನ್ನಿ ಹಿಡಿಯೂದಿಲ್ಲ ಅಂತ ನನಗ ಕಲಿಸಿದವರು ನೀವ." ಅವನು ಹಿಂದೆ ಸರಿದ. ಮೇಡಂ ಸುತ್ತ ನೋಡಿದರು. ಪಾಲುದಾರನಲ್ಲದವನು, ಗವಂಡಿಯಲ್ಲದವನು ಅಲ್ಲಿ ನಾನೊಬ್ಬನೇ ಇದ್ದೆ.

ಹೀಗೆ ನಾನು, ಐವತ್ತಾರರ ವಯಸ್ಸಿನಲ್ಲಿ, ಚಪ್ಪಲಿ ಬಿಟ್ಟು ನಬೀಸಾಬರ ಗಡಿಯ ಮೊಳೆಯ ಮೇಲೆ ಹೆಬ್ಬೆರಳು ಇಟ್ಟು ನಿಂತೆ. ಬಳೆ ಸುಡುತ್ತಿತ್ತು. ಟೇಪು ಬಿಗಿಯಾದಾಗ ಬೆರಳಿನ ಕೆಳಗೆ ಮೊಳೆಯ ತಲೆ ಚುಚ್ಚುತ್ತಿತ್ತು. ಮೇಡಂ ಇನ್ನೊಂದು ತುದಿಯಲ್ಲಿ ಗೋಡೆಯ ಹತ್ತಿರ ಬಗ್ಗಿದರು. ನನ್ನ ಎದುರಿಗೇ ಮರಿಯವ್ವ ನಿಂತಿದ್ದಳು. ಅವಳು ಟೇಪನ್ನೂ ನೋಡುತ್ತಿರಲಿಲ್ಲ, ಗೋಡೆಯನ್ನೂ ನೋಡುತ್ತಿರಲಿಲ್ಲ. ತಪ್ಪು ಮಾಡಿದ ಹುಡುಗಿಯಂತೆ ಅಣ್ಣನ ಮುಖವನ್ನೇ ನೋಡುತ್ತಿದ್ದಳು.

ನನ್ನಿಂದ ತಡೆಯಲಾಗಲಿಲ್ಲ. ಹೇಳಿಯೇಬಿಡುತ್ತೇನೆ, ನಾನು ಕಳ್ಳತನ ಮಾಡಿದೆ. ಬಳೆಯನ್ನು ಮೊಳೆಯಿಂದ ಬಿಡಿಸಿ, ಹೆಬ್ಬೆರಳಿನ ಕೆಳಗೇ ಮೆಲ್ಲಗೆ ಒಂದಿಂಚು ಹಿಂದಕ್ಕೆ ಎಳೆದುಕೊಂಡೆ. ಯಾರಿಗೂ ಕಾಣಲಿಲ್ಲ ಅಂದುಕೊಂಡೆ.

"ಹತ್ತು ಅಡಿ," ಎಂದರು ಮೇಡಂ, ಸ್ವಲ್ಪ ಆಶ್ಚರ್ಯದಿಂದ. ಉಮಾ ಹೋ ಎಂದಳು. ಮರಿಯವ್ವ ಎರಡೂ ಕೈ ಎತ್ತಿ ಮುಗಿದಳು.

ಸಣ್ಣಪ್ಪ ಹತ್ತು ಹೆಜ್ಜೆ ದೂರದಲ್ಲಿದ್ದ. ಅಲ್ಲಿಂದಲೇ ಮೆತ್ತಗೆ ಹೇಳಿದ. "ಬರಕೋಬ್ಯಾಡ್ರಿ ಮೇಡಂ. ರೈಟರ್ ಸಾಹೇಬ್ರು ನಬೀಸಾಬರ ಜಾಗಾದಾಗ ನಿಂತಾರ."

ನನ್ನ ಕಿವಿ ಬಿಸಿಯಾಯಿತು. ನಾಚಿಕೆಗಿಂತ ಸಿಟ್ಟೇ ಹೆಚ್ಚಿತ್ತು. "ಒಂದಿಂಚು ಸಣ್ಣಪ್ಪ! ನಿನ್ನ ತಂಗಿಗೆ! ನಬೀಸಾಬನ ಕೇಳಿದ್ರ ಅಂವ ಎರಡಿಂಚ ತೊಗೋ ಅಂತಾನ."

"ಅಂತಾನ್ರಿ. ಅಂವ ಭಾಳ ಚಲೋ ಮನುಷ್ಯಾ. ಆದ್ರ ನಾಳೆ ಅಂವ ಇರಂಗಿಲ್ಲ, ನಾ ಇರಂಗಿಲ್ಲ. ಯಾರೋ ಬಂದು ಅಳೀತಾರ. ಅವತ್ತ ನಮ್ಮ ಮರಿಯವ್ವನ ಉತಾರ ಸುಳ್ಳ ಐತಿ ಅಂದ್ರ? ಆಕಿಗೆ ಹೊರಗ ನಡಿ ಅನ್ನೂ ಮಾತು ಮತ್ತ ಕೇಳಸಲೇನ್ರಿ?"

ನಾನು ಬಳೆಯನ್ನು ಮೊಳೆಗೆ ಸಿಕ್ಕಿಸಿದೆ. ಮೇಡಂ ಮತ್ತೆ ಓದಿದರು. ಒಂಬತ್ತು ಅಡಿ ಹನ್ನೊಂದು ಇಂಚು.

ಮೇಡಂ ಪೆನ್ನು ತೆಗೆದರು, ಬರೆಯಲಿಲ್ಲ. ಆಗ ಮರಿಯವ್ವ ಸರಸರ ತನ್ನ ಶೆಡ್ಡಿಗೆ ಹೋದಳು. ಒಳಗೆ ಕೂತು ಅಳುತ್ತಾಳೇನೋ ಎಂದು ಉಮಾ ಹಿಂದೆ ಓಡಬೇಕು ಅನ್ನುವಷ್ಟರಲ್ಲಿ ಹೊರಗೆ ಬಂದಳು. ಕೈಯಲ್ಲಿ ಎರಡು ಕುರ್ಪಿ ಇದ್ದವು, ಕಳೆ ಕೀಳುವ ಕುರ್ಪಿ, ಮುಶಿಗೇರಿಯ ಹೊಲದ ಕಾಲದವು. ಒಂದನ್ನು ಅತ್ತಿಗೆಯ ಕೈಗೆ ಕೊಟ್ಟು ಗೋಡೆಯ ಮುಂದೆ ಕೂತಳು.

"ಮೇಡಂ, ಒಂದ ತಾಸ ಕುಂದರ್ರಿ," ಅಂದಳು. "ನಿನ್ನಿ ಗಿಲಾವ, ಇನ್ನಾ ಹಸೀ ಐತಿ."

ಮೊದಲ ಪೆಟ್ಟಿಗೆ ಅಂಗೈಯಗಲ ಗಿಲಾವು ಉದುರಿತು. ಗೌಸುಸಾಬರು ತಲೆಗೆ ಕೈಹಚ್ಚಿಕೊಂಡರು. "ಯವ್ವಾ, ಮೆತ್ತಗ! ಇಡೀ ಓಣ್ಯಾಗ ಹಿಂಥಾ ಗಿಲಾವ ಮಾಡಿದ್ದಿಲ್ಲ ನಾ. ಕನ್ನಡಿ ಆಗಿತ್ತ ಅದು, ಕನ್ನಡಿ!" ಎಂದು ಗೋಳಾಡುತ್ತಲೇ ಎದ್ದು ಬಂದು, ತಾವೇ ಉಳಿ ಹಿಡಿದು, ಇಟ್ಟಂಗಿಗೆ ಪೆಟ್ಟಾಗದಂತೆ ಕೆರೆಯುವುದು ಹೇಗೆಂದು ತೋರಿಸತೊಡಗಿದರು. ಉಮಾ ತಾನು ಹಾಕಿದ ರಂಗೋಲಿಯ ಮೇಲೆಯೇ ಕಾಲಿಟ್ಟು ಮೇಲಿನದನ್ನು ಕೆರೆದಳು. ಸಪ್ಪಳ ಕೇಳಿ ನಬೀಸಾಬರು ಬಂದರು. ಏನಾಗಿದೆ ಎಂದು ಕೇಳಿ ತಿಳಿದು, ಮನೆಗೆ ಹೋಗಿ ರೊಟ್ಟಿಹಂಚಿನ ಸಟ್ಟುಗ ತಂದರು. ನಾನು ಅಂಗಿಯ ತೋಳು ಮಡಚಿದೆ. ಕೊನೆಗೆ ಅರ್ಚನಾ ಮೇಡಂ ಕೂಡ ಕುರ್ಚಿಯಲ್ಲಿ ಕೂತಿರಲಾಗದೆ ಎದ್ದು, ಸ್ಕೂಟಿಯ ಡಿಕ್ಕಿಯಿಂದ ಸುತ್ತಿಗೆ ತೆಗೆದರು.

ಸಣ್ಣಪ್ಪ ಒಬ್ಬನೇ ಕೈ ಹಚ್ಚಲಿಲ್ಲ. ಗೋಡೆಯ ತುದಿಯಲ್ಲಿ ನಿಂತು, ಒಂದು ಕಣ್ಣು ಮುಚ್ಚಿ, ಉದ್ದಕ್ಕೂ ನೋಡುತ್ತ, "ನಡುವ ಇನ್ನಾ ಒಂದ ನೂಲು ಐತಿ, ಮೂಲಿ ಬಿಟ್ಟೀರಿ, ರೈಟರ್ ಸಾಹೇಬ್ರ ನಿಮ್ದ ಭಾಳ ಹಗೂರ ಕೈ" ಎಂದು ನಮ್ಮನ್ನೆಲ್ಲ ದುಡಿಸಿದ. ಧೂಳಿನಲ್ಲಿ ಎಲ್ಲರ ಹುಬ್ಬೂ ಬೂದು ಬಣ್ಣವಾಗಿತ್ತು. ನಬೀಸಾಬರು ಮರಿಯವ್ವನನ್ನು ನೋಡಿ ನಕ್ಕರು, ಮರಿಯವ್ವ ನನ್ನನ್ನು ನೋಡಿ ನಕ್ಕಳು, ಆಮೇಲೆ ಯಾರು ಯಾಕೆ ನಗುತ್ತಿದ್ದಾರೆಂದು ಯಾರಿಗೂ ತಿಳಿಯದಂತಾಯಿತು. ನಾನು ಅಷ್ಟು ಸುಖವಾಗಿ ದುಡಿದ ದಿನ ಇನ್ನೊಂದಿಲ್ಲ.

ಮತ್ತೆ ಮೊಳೆಯ ಮೇಲೆ ಹೆಬ್ಬೆರಳು ಇಟ್ಟೆ. ಈ ಸಲ ಕಣ್ಣು ಮುಚ್ಚಿಕೊಂಡು ಒತ್ತಿದೆ. ಮುಂದೆ ಹತ್ತು ಅಡಿ. ನಡುವೆ ಹತ್ತು ಅಡಿ, ಮೇಲೆ ಕಾಲಿಂಚು. ಹಿಂದೆ ಹತ್ತು ಅಡಿ. ಮೇಡಂ ಮೂರು ಸಲ ಓದಿದರು, ಮೂರು ಸಲವೂ ಸಣ್ಣಪ್ಪ ನನ್ನ ಕಾಲನ್ನೇ ನೋಡುತ್ತಿದ್ದ. ಕೊನೆಗೆ ಒಮ್ಮೆ ತಲೆ ಆಡಿಸಿದ. ಮೇಜಿನ ಹಿಂದೆ ಕೂತು ಸಂಪಾದಿಸಿದ ಯಾವ ಹೊಗಳಿಕೆಯೂ ನನಗೆ ಅಷ್ಟು ಹಿತವಾಗಿರಲಿಲ್ಲ.

ಗೆರೆ ಹಾಕುವಾಗ ಹಗ್ಗದ ಎರಡು ತುದಿ ಅಣ್ಣ ತಂಗಿಯ ಕೈಯಲ್ಲಿದ್ದವು. ಸುಣ್ಣ ಉದುರಿಸಿದವಳು ಉಮಾ.

ಉತಾರ ಬರಲು ಇನ್ನೂ ಒಂದು ತಿಂಗಳು ಹಿಡಿಯಿತು. ಬಂದ ದಿನ ಕಂಪ್ಯೂಟರಿನ ಆ ಕಾಗದವನ್ನು ನಾನು ಮೂರು ಸಲ ಗಟ್ಟಿಯಾಗಿ ಓದಬೇಕಾಯಿತು. ಮಾಲೀಕರ ಹೆಸರು ಎಂಬಲ್ಲಿ ಮರಿಯವ್ವ ಎಂದು ಬಂದಾಗಲೆಲ್ಲ ಅವಳು "ಹೌದ್ರಿ" ಎಂದು ಹಾಜರಿ ಹೇಳುತ್ತಿದ್ದಳು. ಎಲ್ಲರೂ ಕೂಡಿ ಮನೆಗೆ ನಡೆದೆವು. ಅವಳು ಕಾಗದ ಎದೆಗೆ ಹಿಡಿದುಕೊಂಡು ಹತ್ತಡಿ ದಾರಿಯಲ್ಲಿ ಮುಂದೆ ಮುಂದೆ ಹೋಗಿ, ತನ್ನ ಜಾಗದ ನಡುವೆ ನಿಂತು ತಿರುಗಿದಳು. ಸಣ್ಣಪ್ಪ ದಾರಿ ಶುರುವಾಗುವಲ್ಲೇ ಚಪ್ಪಲಿ ಬಿಟ್ಟು ನಿಂತಿದ್ದ.

"ಯಾಕಣ್ಣಾ, ಅಲ್ಲೆ ನಿಂತಿ?"

"ಒಳಗ ಬರಲೇನವಾ?"

ಮರಿಯವ್ವ ನಕ್ಕಳು. "ಎಂಟ ವರ್ಷ ದಿನಾ ಬಂದಿ. ಇವತ್ತೇನ ಕೇಳತಿ?"

"ಅವಾಗ ನನ್ನ ಜಾಗಾದಾಗ ನಾ ತಿರಗತಿದ್ದೆ. ಇದು ನಿಂದು. ನೀ ಬಾ ಅಂದ್ರ ಬರತೇನಿ."

ಅವಳ ನಗು ನಿಂತಿತು. ಕಾಗದವನ್ನೇ ಕಣ್ಣಿಗೆ ಒತ್ತಿಕೊಂಡಳು.

"ಐವತ್ತ ವರ್ಷ ಆತಣ್ಣಾ," ಅಂದಳು. "ಹೋಗು ಅಂದವರ ಎಲ್ಲಾರೂ. ಬರಲೇನು ಅಂತ ಒಬ್ರೂ ನನ್ನ ಕೇಳಿದ್ದಿಲ್ಲ."

ಆಮೇಲೆ ತಲೆಯೆತ್ತಿ, ಇಡೀ ಓಣಿಗೆ ಕೇಳುವಂತೆ, "ಬಾ! ಬಾ ಅಣ್ಣಾ, ಒಳಗ ಬಾ!" ಎಂದು ಕೂಗಿದಳು. ಸಣ್ಣಪ್ಪ ಹೋದ. ಉಮಾ ಮತ್ತು ನಾನು ಇನ್ನೂ ಹೊರಗೇ ಇದ್ದೆವು. ಮರಿಯವ್ವ ಸೆರಗಿನಿಂದ ಮುಖ ಒರೆಸಿಕೊಂಡು ನಮ್ಮ ಕಡೆ ತಿರುಗಿ, ನಾವೂ ಬರಲೇನು ಎಂದು ಕೇಳಲಿ ಅಂತ ಕಾಯುತ್ತ ನಿಂತಳು.